ಹುಲಿಗೆಮ್ಮನ ರೊಟ್ಟಿ

ಗೋವೆಯ ಫೋಂಡಾದಲ್ಲಿರುವ ಒಂದು ಟ್ರಸ್ಟ್ ಆಸ್ಪತ್ರೆಗೆ ಹೋಗಿ ಹೀರಪ್ಪ ಚಿತ್ರಗಾರ ಎಲ್ಲಿದ್ದಾನೆ ಎಂದು ಕೇಳಿದರೆ ಯಾರೂ ಹೇಳುತ್ತಿರಲಿಲ್ಲ. ಪ್ಲಾಸ್ಟರ್ ಹೀರಪ್ಪ ಎನ್ನಬೇಕು. ಹಾಗೆಂದರೆ ಗೇಟಿನ ವಾಚ್‌ಮನ್ ಕುರ್ಚಿ ಬಿಟ್ಟು ಎದ್ದು, ಔಷಧಿ ಅಂಗಡಿ ಪಕ್ಕದ ಸಂದಿಯಲ್ಲಿ ಹಿಂದಕ್ಕೆ ಹೋಗಿ, ನೀರಿನ ಟಾಕಿ ದಾಟಿದರೆ ನೆಲದ ಮೇಲೆ ಬಿಳಿ ಹೆಜ್ಜೆ ಕಾಣುತ್ತವೆ, ಅದೇ ಕೋಣೆ ಎಂದು ದಾರಿ ಹೇಳುತ್ತಿದ್ದ. ಮುರಿದ ಕೈಕಾಲಿಗೆ ಪಟ್ಟಿ ಕಟ್ಟುವುದು, ಕಟ್ಟಿದ್ದನ್ನು ಗರಗಸದಿಂದ ಬಿಚ್ಚುವುದು, ಹಲ್ಲಿನ ಅಚ್ಚಿಗೆ ಪ್ಲಾಸ್ಟರ್ ಹೊಯ್ಯುವುದು ಅವನ ಕೆಲಸ. ಇದೆಲ್ಲ ಯಾರು ಬೇಕಾದರೂ ಕಲಿತು ಮಾಡಬಹುದಾದ ಕೆಲಸ. ಯಾರೂ ಮಾಡಲಾರದ್ದೊಂದು ಅವನ ಕೈಯಲ್ಲಿತ್ತು. ಅವನು ಬದುಕಿರುವ ಮನುಷ್ಯನ ಮುಖದ ಅಚ್ಚು ತೆಗೆಯುತ್ತಿದ್ದ.

ಹೀರಪ್ಪನ ಮನೆತನದವರು ಸವದತ್ತಿ ಸೀಮೆಯವರು, ಮೂರು ತಲೆಮಾರಿನಿಂದ ಮಣ್ಣಿನ ಮೂರ್ತಿ ಮಾಡುವವರು. ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತು, ಶ್ರಾವಣಕ್ಕೆ ಗೌರಿ, ಚೌತಿಗೆ ಗಣಪ. ತಂದೆ ಗಣಪ್ಪ ಶಾಲೆಯ ಮೆಟ್ಟಿಲು ಹತ್ತಿದವನಲ್ಲ, ಆದರೂ ಮಗನಿಗೆ ಎರಡು ಕಾನೂನು ಕಲಿಸಿ ಸತ್ತ. ಒಂದು ದಾರದ್ದು. ಗೌರಿಯ ಹಣೆಯ ನಡುವೆ ದಾರದ ತುದಿ ಒತ್ತಿ ಹಿಡಿದು ಕೆಳಗೆ ಬಿಟ್ಟರೆ ಮೂಗಿನ ತುದಿ, ತುಟಿಯ ನಡು, ಗದ್ದ ಮೂರೂ ಅದಕ್ಕೆ ಬೀಳಬೇಕು. ಬೀಳದಿದ್ದರೆ ಆ ಮೂರ್ತಿ ಅಂಗಳ ದಾಟಕೂಡದು. ಇನ್ನೊಂದು ಭಿನ್ನದ್ದು, ಅಂದರೆ ಮೂರ್ತಿಯ ಒಡಕಿನದು. ಕೈಯಲ್ಲಿ ಒಡೆದದ್ದನ್ನು ಕೈಯಲ್ಲೇ ಸರಿ ಮಾಡಬೇಕು, ಸರಿ ಮಾಡಿದ ಮೇಲೆ ಬಾಯಿ ಬಿಡಬಾರದು. "ಮುಚ್ಚಿದ್ದು ಭಿನ್ನ ಅಲ್ಲ, ಹೇಳಿದ್ದು ಭಿನ್ನ," ಎನ್ನುತ್ತಿದ್ದ ಗಣಪ್ಪ. ಕೇಳಿದವರಿಗೆ ಇದು ಮೋಸದ ಮಾತು ಅನ್ನಿಸಬಹುದು. ಆದರೆ ಗಣಪ್ಪ ಅದನ್ನು ಕರುಣೆಯಿಂದ ಹೇಳುತ್ತಿದ್ದ. ಗಣಪನ ಕಿವಿ ಒಡೆದಿತ್ತು, ಮೆತ್ತಿ ಕೊಟ್ಟೆ ಎಂದು ಒಂದು ಮಾತು ಹೇಳಿದರೆ ಸಾಕು, ಆ ವರ್ಷ ಆ ಮನೆಯಲ್ಲಿ ಹಸು ಗೊಡ್ಡು ಬಿದ್ದರೂ ಮುದುಕಿ ಜಾರಿ ಬಿದ್ದರೂ ಆ ಕಿವಿಯೇ ಕಾರಣವಾಗುತ್ತದೆ. ಹೇಳದಿದ್ದರೆ ಎಲ್ಲರೂ ಸುಖವಾಗಿರುತ್ತಾರೆ.

ಹೀರಪ್ಪ ಗೋವೆಗೆ ಬಂದದ್ದು ಪರ್ವರಿಯ ಹೊಸ ಮನೆಗಳ ಮಾಳಿಗೆಗೆ ಪ್ಲಾಸ್ಟರಿನ ಹೂಬಳ್ಳಿ ಕೂರಿಸುವ ಕೆಲಸಕ್ಕೆ. ಫೋಂಡಾದಲ್ಲಿ ಧಾರವಾಡ ಕಡೆಯ ಬಟ್ಟೆ ವ್ಯಾಪಾರಿಯೊಬ್ಬರ ಅಂಗಡಿಯಲ್ಲಿ ಅವನು ಏಣಿ ಹತ್ತಿ ಕೆಲಸ ಮಾಡುತ್ತಿದ್ದಾಗ ಆ ವ್ಯಾಪಾರಿಯ ಮಗಳು ಕೆಳಗೆ ನಿಂತು ಅರ್ಧ ತಾಸು ಅವನ ಹೆಬ್ಬೆರಳನ್ನೇ ನೋಡಿದಳಂತೆ. ಆಕೆಯೇ ಡಾಕ್ಟರ್ ಅಶ್ವಿನಿ. ಮುಖ ಮತ್ತು ದವಡೆಯ ಶಸ್ತ್ರಚಿಕಿತ್ಸೆ ಕಲಿತು ಆಗಷ್ಟೇ ಆ ಆಸ್ಪತ್ರೆ ಸೇರಿದ್ದರು. ಎರಡು ಸಾವಿರದ ಇಸವಿಯಲ್ಲಿ ಅವರೇ ಅವನನ್ನು ಆಸ್ಪತ್ರೆಗೆ ಕರೆತಂದರು. ಮಳೆಗಾಲ ಬಂತೆಂದರೆ ಹೀರಪ್ಪ ಸಂಜೆ ಹೊತ್ತು ತನ್ನ ಶೆಡ್ಡಿನಲ್ಲಿ ಹೆಂಡತಿ ಪಾರ್ವತೆವ್ವನ ಜೊತೆ ಚೌತಿಯ ಗಣಪತಿ ಮಾಡುತ್ತಿದ್ದ. ಹಗಲು ಮನುಷ್ಯರು, ಸಂಜೆ ದೇವರು. ಎರಡಕ್ಕೂ ಅದೇ ಹೆಬ್ಬೆರಳು.

ಮುಖದ ಅಚ್ಚು ತೆಗೆಯುವುದು ತಾಳ್ಮೆಯ ಕೆಲಸ. ರೋಗಿಯನ್ನು ಅಂಗಾತ ಮಲಗಿಸಿ, ಕೂದಲಿಗೆ ಬಟ್ಟೆ ಕಟ್ಟಿ, ಹುಬ್ಬು ರೆಪ್ಪೆಗೆ ವ್ಯಾಸಲಿನ್ ಸವರಿ, ಮೂಗಿನ ಹೊಳ್ಳೆಗೆ ಎರಡು ಸಣ್ಣ ನಳಿಗೆ ಇಡಬೇಕು. ಹಲ್ಲಿನ ಅಚ್ಚಿಗೆ ಬಳಸುವ ಗುಲಾಬಿ ಬಣ್ಣದ ಪುಡಿಯನ್ನು ನೀರಲ್ಲಿ ಕಲಸಿ ಮುಖದ ತುಂಬ ಮೆತ್ತಬೇಕು. ಮೇಲೆ ಪ್ಲಾಸ್ಟರ್ ಪಟ್ಟಿ ಹೊದಿಸಿ ಹತ್ತು ನಿಮಿಷ ಕಾಯಬೇಕು. ಕಣ್ಣು ಬಾಯಿ ಎರಡೂ ಮುಚ್ಚಿಕೊಂಡು ಮಲಗಿದವರಿಗೆ ಜೀವ ಹೋದಂತಾಗುತ್ತದೆ. ಅದಕ್ಕೇ ಹೀರಪ್ಪ ಆ ಹತ್ತು ನಿಮಿಷ ಬಿಡುವಿಲ್ಲದೆ ಮಾತಾಡುತ್ತಿದ್ದ. ಊರು, ಮಳೆ, ಬಸ್ಸು, ಮೀನಿನ ವಾಸನೆ, ಏನಾದರೂ. ಉತ್ತರ ಕೊಡಲಾಗದವರ ಜೊತೆ ಮಾತಾಡುವುದು ಅವನಿಗೆ ಬಹಳ ಇಷ್ಟದ ಕೆಲಸವಾಗಿತ್ತು. ಆಮೇಲೆ ಅಚ್ಚನ್ನು ಮೆಲ್ಲಗೆ ಎತ್ತಿ, ಅದರೊಳಗೆ ಗಟ್ಟಿ ಪ್ಲಾಸ್ಟರ್ ಹೊಯ್ದು, ಒಣಗಿದ ಮೇಲೆ ಬಿಡಿಸಿದರೆ ಆ ಮನುಷ್ಯನ ಬಿಳಿ ಮುಖ ಕೈಗೆ ಬರುತ್ತಿತ್ತು. ಅದನ್ನು ವಾರ್ಡ್‌ಬಾಯ್ ರಾಜಮಹ್ಮದ, ಡಾಕ್ಟರ್ ಅಶ್ವಿನಿಯವರ ಕೋಣೆಗೆ ಒಯ್ಯುತ್ತಿದ್ದ.

ಆ ಮುಖ ಡಾಕ್ಟರರಿಗೆ ಯಾಕೆ ಬೇಕು ಎಂದು ಹೀರಪ್ಪನಿಗೆ ಯಾರೂ ಹೇಳಿರಲಿಲ್ಲ. ಅವನೂ ಕೇಳಿರಲಿಲ್ಲ, ಯಾಕೆಂದರೆ ಅವನಿಗೆ ಗೊತ್ತೇ ಇತ್ತು. ಅವನ ಕಸುಬಿನಲ್ಲಿ ಅಚ್ಚು ಮೊದಲು, ಮೂರ್ತಿ ಆಮೇಲೆ. ಅಚ್ಚು ಹೇಗಿದೆಯೋ ಮೂರ್ತಿ ಹಾಗೆ. ಡಾಕ್ಟರು ಈ ಬಿಳಿ ಮುಖವನ್ನು ಮುಂದಿಟ್ಟುಕೊಂಡು, ಇದಕ್ಕೆ ಸರಿಯಾಗಿ ರೋಗಿಯ ಎಲುಬನ್ನು ತರುತ್ತಾರೆ ಎಂದು ಅವನು ತಿಳಿದಿದ್ದ. ಚೆನ್ನಾಗಿ ಬಂದ ಅಚ್ಚನ್ನು ಅವನು ಮುಟ್ಟುತ್ತಿರಲಿಲ್ಲ. ಗಾಳಿಗುಳ್ಳೆಯ ತೂತು ಇದ್ದರೆ ತುಂಬುತ್ತಿದ್ದ, ಅದಕ್ಕೆ ಡಾಕ್ಟರ ಅಪ್ಪಣೆಯೂ ಇತ್ತು. ಆದರೆ ಅಂಚು ಒಡೆದು ಬಂದರೆ, ಕೈ ಹಾಕಲೇಬೇಕಾದರೆ, ಅರ್ಧಂಬರ್ಧ ಮಾಡುವ ಜಾಯಮಾನ ಅವನದಲ್ಲ. ಕಿಸೆಯಿಂದ ದಾರ ತೆಗೆಯುತ್ತಿದ್ದ.

ಎಂಟು ವರ್ಷದಲ್ಲಿ ಗದ್ದದ ಅಂಚು ಒಡೆದದ್ದು ಎರಡೇ ಸಲ.

ಮೊದಲನೆಯದು ಹುಲಿಗೆಮ್ಮನದು, ಎರಡು ಸಾವಿರದ ಮೂರರ ಡಿಸೆಂಬರಿನಲ್ಲಿ. ಆಕೆ ವಾಸ್ಕೋದವಳು, ಗಂಡ ಪರಮಣ್ಣ ಬಂದರಿನಲ್ಲಿ ಚೀಲ ಹೊರುವ ಕೆಲಸಕ್ಕಿದ್ದ. ಚಿಕ್ಕವಳಿದ್ದಾಗ ಅಟ್ಟದಿಂದ ಬಿದ್ದು ಕಿವಿಯ ಹತ್ತಿರ ದವಡೆಯ ಕೀಲಿಗೆ ಪೆಟ್ಟಾಗಿತ್ತು. ಆ ಕಡೆ ದವಡೆ ಬೆಳೆಯಲಿಲ್ಲ, ಈ ಕಡೆಯದು ಬೆಳೆಯಿತು, ಗದ್ದ ಒಳಗೆ ಸರಿದು ಎಡಕ್ಕೆ ವಾಲಿತು. ಶಸ್ತ್ರಚಿಕಿತ್ಸೆ ಆಯಿತು. ಮೂರು ವಾರ ಮುಖ ಊದಿಕೊಂಡಿತ್ತು, ಎಲ್ಲರೂ ಗುಂಡಗೆ ಚೆಂದ ಕಾಣಿಸುತ್ತೀ ಎಂದರು. ನಾಲ್ಕನೆಯ ವಾರ ಬಾವು ಇಳಿಯಿತು. ಗದ್ದ ಮುಂದಕ್ಕೇನೋ ಬಂದಿತ್ತು, ಆದರೆ ಇನ್ನೂ ಎಡಕ್ಕೇ ಇತ್ತು.

ಆರು ವಾರ ಗಂಜಿ, ಹಾಲು, ಮೆತ್ತನೆ ಅನ್ನ ಬಿಟ್ಟು ಏನೂ ತಿನ್ನಬಾರದು ಎಂದು ಆಕೆಗೆ ಹೇಳಿದ್ದರು. ತೋರಿಸಲು ಬಂದಾಗ ವಾರ್ಡಿನ ಸಿಸ್ಟರ್ ಕೇಳಿದಳು, ಏನು ತಿಂದೆ ಎಂದು. ಹುಲಿಗೆಮ್ಮ ಸುಳ್ಳು ಹೇಳಲು ಬಾರದ ಹೆಂಗಸು. ಸಂಕ್ರಮಣದ ದಿನ ಎಲ್ಲರೂ ಎಣಗಾಯಿ ಪಲ್ಯದ ಜೊತೆ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಮುರಿಯುತ್ತಿದ್ದಾಗ ತಡೆಯಲಾರದೆ ಒಂದು ತುಣುಕು ಬಾಯಿಗೆ ಹಾಕಿಕೊಂಡೆ ಎಂದಳು. ಅಲ್ಲಿಗೆ ತೀರ್ಪು ಆಯಿತು. ಕೂಡಿಸಿದ ಎಲುಬು ರೊಟ್ಟಿ ಜಗಿದದ್ದಕ್ಕೆ ಜಾರಿತು. ಆವತ್ತಿನಿಂದ ಆ ವಾರ್ಡಿನಲ್ಲಿ ಅದೊಂದು ಗಾದೆಯಾಯಿತು. ಗದ್ದದ, ದವಡೆಯ ಯಾವ ರೋಗಿಯೇ ಬರಲಿ, ಮನೆಗೆ ಕಳಿಸುವಾಗ ಸಿಸ್ಟರುಗಳು ಕೊಂಕಣಿಯಲ್ಲಿ, ರಾಜಮಹ್ಮದ ಹಿಂದಿಯಲ್ಲಿ, ಹೀರಪ್ಪ ಕನ್ನಡದಲ್ಲಿ ಎಚ್ಚರಿಕೆ ಕೊಡುತ್ತಿದ್ದರು: ಹುಲಿಗೆಮ್ಮನ ರೊಟ್ಟಿ ಆಗಬಾರದು ನೋಡಿ. ಆ ರೊಟ್ಟಿಯ ಕತೆಯನ್ನು ಹೆಚ್ಚು ರಸವತ್ತಾಗಿ ಹೇಳುತ್ತಿದ್ದವನು ಹೀರಪ್ಪನೇ. ಪ್ಲಾಸ್ಟರಿನಡಿ ಬಾಯಿ ಮುಚ್ಚಿಕೊಂಡು ಮಲಗಿದವರಿಗೆ ಅದನ್ನು ಅಭಿನಯಿಸಿ ಹೇಳುತ್ತಿದ್ದ.

ಎರಡನೆಯ ಗದ್ದ ಗುರುಲಿಂಗನದು. ಎರಡು ಸಾವಿರದ ಎಂಟರ ಜುಲೈ. ಇಪ್ಪತ್ತಾರರ ಗುರುಲಿಂಗ ವಾಸ್ಕೋದಲ್ಲಿ ಹಳದಿ ಮಡ್ಗಾರ್ಡಿನ ಮೋಟರ್‌ಸೈಕಲ್ ಮೇಲೆ ಬಾಡಿಗೆಗೆ ಜನರನ್ನು ಒಯ್ಯುವ ಪೈಲಟ್. ಅವನ ಗದ್ದವೂ ಒಳಗೆ ಸರಿದು ಬಲಕ್ಕೆ ವಾಲಿತ್ತು. ಹೆಲ್ಮೆಟ್ಟಿನ ಪಟ್ಟಿ ಗದ್ದದ ಕೆಳಗೆ ನಿಲ್ಲದೆ ಗಂಟಲಿಗೆ ಜಾರುತ್ತಿತ್ತು. ಸ್ಟ್ಯಾಂಡಿನ ಉಳಿದ ಪೈಲಟ್‌ಗಳು ಅವನನ್ನು ಏನೆಂದು ಕರೆಯುತ್ತಿದ್ದರು ಎಂದು ಬರೆಯುವುದು ಬೇಡ. ಅದನ್ನು ಮುಚ್ಚಲು ಗಡ್ಡ ಬಿಟ್ಟಿದ್ದ. ಅಚ್ಚಿಗಾಗಿ ಅದನ್ನು ಬೋಳಿಸಿಕೊಂಡು ಬಂದ ದಿನ ಕನ್ನಡಿ ನೋಡಲಿಲ್ಲವಂತೆ.

ಅವನ ಅಚ್ಚು ಬಿಡಿಸುವಾಗ ಗದ್ದದ ತುದಿಯಲ್ಲಿ ಹುಣಸೆ ಬೀಜದಷ್ಟು ತುಂಡು ಎದ್ದು ಪುಡಿಯಾಯಿತು. ಹೀರಪ್ಪ ಪ್ಲಾಸ್ಟರ್ ಕಲಸಿದ, ಹೆಬ್ಬೆರಳಿನಿಂದ ತುಂಬಿದ, ಹಣೆಯಿಂದ ದಾರ ಬಿಟ್ಟ. ಗದ್ದ ದಾರಕ್ಕೆ ಬೀಳಲಿಲ್ಲ. ಇನ್ನೊಂದಿಷ್ಟು ಈ ಕಡೆ ಮೆತ್ತಿ, ಆ ಕಡೆ ಕೆರೆದ. ಅಷ್ಟರಲ್ಲಿ ಕೈ ಮುರಿದುಕೊಂಡ ಹುಡುಗಿಯೊಬ್ಬಳನ್ನು ಕರೆತಂದರು, ದಾರಕ್ಕೆ ಪೂರ್ತಿ ತರಲಾಗಲಿಲ್ಲ. ಆದರೂ ಮುಖಕ್ಕೊಂದು ಕಳೆ ಬಂದಿತ್ತು. ಒಣಗಲು ಇಟ್ಟು ಕೈ ತೊಳೆದ.

ಮರುದಿನ ರಾಜಮಹ್ಮದ ರಜೆ ಹಾಕಿದ್ದ. ಅದಕ್ಕೇ ಹೀರಪ್ಪನೇ ಆ ಬಿಳಿ ಮುಖವನ್ನು ಟವೆಲಿನಲ್ಲಿ ಸುತ್ತಿಕೊಂಡು ಡಾಕ್ಟರ ಕೋಣೆಗೆ ಹೋದ. ಎಂಟು ವರ್ಷದಲ್ಲಿ ಸಮಾಲೋಚನೆ ನಡೆಯುವಾಗ ಅವನು ಆ ಕೋಣೆಯೊಳಗೆ ಕಾಲಿಟ್ಟದ್ದು ಅದೇ ಮೊದಲು. ಗುರುಲಿಂಗ ಮತ್ತು ಅವನ ತಾಯಿ ಫಕೀರವ್ವ ಕುರ್ಚಿಯ ಅಂಚಿನಲ್ಲಿ ಕೂತಿದ್ದರು.

"ಹಿಡಕೊಂಡ ನಿಂದರ್ರಿ ಹೀರಪ್ಪ, ಇವರಿಗೆ ತೋರಿಸಬೇಕು," ಎಂದರು ಡಾಕ್ಟರ್ ಅಶ್ವಿನಿ. ಆಮೇಲೆ ಪೆನ್ನಿನ ತುದಿಯಿಂದ ಪ್ಲಾಸ್ಟರಿನ ಗದ್ದ ಮುಟ್ಟುತ್ತ ಫಕೀರವ್ವನಿಗೆ ಹೇಳತೊಡಗಿದರು. "ನೋಡವ್ವ, ಗದ್ದದ ಎಲುಬು ಸರಿ ಮಾಡಾಕ ನಾಕಾರು ದಾರಿ ಅದಾವ. ಎಲುಬು ಮುಟ್ಟದನ, ಅದರ ಮ್ಯಾಲೆ ಒಂದು ಮೆತ್ತನ್ನ ತುಂಡು ಕೂಡಿಸಬಹುದು. ಅದು ಸಸಾರ. ಆದ್ರ ನಿನ್ನ ಮಗಂದು ಭಾಳ ಒಳಗ ಐತಿ, ತುಂಡು ಸಾಲೂದಿಲ್ಲ. ಎಲುಬು ಹೆಚ್ಚಾಗಿದ್ರ ಕೆರದು ಸಣ್ಣ ಮಾಡ್ತೇವಿ, ಇವನಿಗೆ ಅದು ಬ್ಯಾಡ. ಉದ್ದ ಸಾಲದಿದ್ರ ನಡುವ ಸೊಂಟದ ಎಲುಬಿನ ಚೂರು ಇಡ್ತೇವಿ, ಅದೂ ಬ್ಯಾಡ. ಇವನಿಗೆ ಮಾಡೂದು ಇದು. ಬಾಯಿ ಒಳಗಿನಿಂದ ಹೋಗಿ, ಹಲ್ಲಿನ ಬೇರಿನ ಕೆಳಗ ಗದ್ದದ ಎಲುಬನ್ನ ಅಡ್ಡ ಕೊಯ್ದು, ಆ ತುಂಡನ್ನ ಮುಂದ ಸರಿಸಿ, ತೆಳ್ಳನ ಪಟ್ಟಿ ಇಟ್ಟು ಸ್ಕ್ರೂ ಹೊಡಿತೇವಿ. ಹೊರಗ ಗಾಯ ಕಾಣೂದಿಲ್ಲ."

"ಸ್ಕ್ರೂ ಸಡಲ ಆಗತಾವೇನ್ರಿ?" ಎಂದಳು ಫಕೀರವ್ವ. ಅವಳಿಗೆ ಗೊತ್ತಿದ್ದ ಸ್ಕ್ರೂ ಬಾಗಿಲಿನದು, ಅವು ಸಡಿಲಾಗುವುದನ್ನು ಅವಳು ಕಂಡಿದ್ದಳು.

"ಇಲ್ಲವ್ವ. ಕೆಳಗಿನ ತುಟಿ ಒಂದೆರಡು ತಿಂಗಳು ಜುಂ ಅಂತೈತಿ, ಕೆಲವರಿಗೆ ಇನ್ನೂ ಹೆಚ್ಚಿಗಿ ದಿನ. ಅದನ್ನ ಈಗ ಹೇಳಿರ್ತೇನಿ."

"ಹೆಲ್ಮೆಟ್ ಪಟ್ಟಿ ನಿಂದರತೈತೇನ್ರಿ ಮೇಡಂ?" ಎಂದ ಗುರುಲಿಂಗ. ಅವನು ಕೇಳಿದ್ದು ಅದೊಂದೇ.

"ನಿಂದರತೈತಿ." ಡಾಕ್ಟರ್ ಡ್ರಾವರಿನಿಂದ ಒಂದು ದಾರ ತೆಗೆದರು. ಹಲ್ಲಿನ ಸಂದಿ ತಿಕ್ಕುವ ಮೇಣದ ದಾರ. ಪ್ಲಾಸ್ಟರ್ ಮುಖದ ಹಣೆಯ ನಡುವೆ ಅದರ ತುದಿ ಒತ್ತಿ ಹಿಡಿದು ಕೆಳಗೆ ಬಿಟ್ಟರು. ಹೀರಪ್ಪ ಅದನ್ನು ನೋಡಿದ. ಅವರು ಗದ್ದದ ನಡುವಿನಿಂದ ದಾರದವರೆಗೆ ಅಳೆದು, ಗೋಡೆಯ ದೀಪದ ಪೆಟ್ಟಿಗೆಯ ಮೇಲಿದ್ದ ಎಕ್ಸ್‌ರೇ ನೋಡಿ, ಮತ್ತೊಮ್ಮೆ ಅಳೆದರು.

"ಎಕ್ಸ್‌ರೇದಾಗ ಬಲಕ್ಕ ಐದು ಮಿಲಿಮೀಟರ್ ಸರದೈತಿ. ಇಲ್ಲಿ ಎರಡ. ಎಕ್ಸ್‌ರೇ ತೆಗಿಯುವಾಗ ತಲಿ ವಾಲಿರಬೇಕು. ನಾ ಅಚ್ಚನ್ನ ನಂಬ್ತೇನಿ, ಹೀರಪ್ಪನ ಅಚ್ಚು ಸುಳ್ಳು ಹೇಳೂದಿಲ್ಲ. ಎರಡ ಸರಿಸಿದ್ರ ಸಾಕು." ಎಂದು ಕಡತದಲ್ಲಿ ಬರೆದುಕೊಂಡರು. "ಗುರುವಾರ ಮಾಡೂಣು."

ಹೀರಪ್ಪ ಟವೆಲು ಮಡಚಿಕೊಂಡು ಹೊರಗೆ ಬಂದ. ತನ್ನ ಕೋಣೆಯ ಬಾಗಿಲಿಗೆ ಬರುವಷ್ಟರಲ್ಲಿ ಅವನಿಗೆ ಎಲ್ಲ ತಿಳಿದಿತ್ತು. ಡಾಕ್ಟರು ಅಚ್ಚಿನಿಂದ ಮುಖ ಮಾಡುತ್ತಿರಲಿಲ್ಲ. ಸೊಟ್ಟು ಎಷ್ಟಿದೆ ಎಂದು ಅಳೆಯಲು ಅಚ್ಚು ತೆಗೆಸುತ್ತಿದ್ದರು. ಅವನು ಮುಚ್ಚಿದ್ದ ಮೂರು ಮಿಲಿಮೀಟರು ಗುರುವಾರದ ನಂತರ ಗುರುಲಿಂಗನ ಮುಖದಲ್ಲಿ ಹಾಗೆಯೇ ಉಳಿಯುತ್ತಿತ್ತು, ಅವನು ಸಾಯುವ ತನಕ. ಇಷ್ಟು ತಿಳಿದ ಬೆನ್ನಿಗೇ ಇನ್ನೊಂದು ತಿಳಿಯಿತು. ಹುಲಿಗೆಮ್ಮನ ಗದ್ದಕ್ಕೂ ಅವನು ದಾರ ಹಿಡಿದಿದ್ದ.

ಅವನು ಅಂದೇ ಓಡಿ ಹೋಗಿ ಹೇಳಿದ ಎಂದು ಬರೆದರೆ ಚೆನ್ನಾಗಿರುತ್ತದೆ, ಆದರೆ ಅವನು ಹಾಗೆ ಮಾಡಲಿಲ್ಲ. ಸಂಜೆಯವರೆಗೆ ಪಟ್ಟಿ ಕಟ್ಟಿದ, ಪಟ್ಟಿ ಬಿಚ್ಚಿದ. ಕೆಲಸ ಹೋದರೆ ಎಂಬ ಭಯ ಇತ್ತು. ಎಂಟು ವರ್ಷವಾದರೂ ಅವನನ್ನು ಕಾಯಂ ಮಾಡಿರಲಿಲ್ಲ. ಆದರೆ ಅದಕ್ಕಿಂತ ದೊಡ್ಡದು ತಂದೆಯ ಮಾತು. ಮೆತ್ತಿದ ಮೇಲೆ ಹೇಳಬಾರದು. ಹುಟ್ಟಿದಾಗಿನಿಂದ ಕೇಳಿದ ಮಾತು ಎಲುಬಿನ ಹಾಗೆ ಕೂತಿರುತ್ತದೆ, ಹೇಳಿದ ತಕ್ಷಣ ಸರಿಯುವುದಿಲ್ಲ.

ಶೆಡ್ಡಿನಲ್ಲಿ ಪಾರ್ವತೆವ್ವ ಗಣಪತಿಗಳ ಕಿವಿಗೆ ಒದ್ದೆ ಕೈಯಿಂದ ಹೊಳಪು ಕೊಡುತ್ತಿದ್ದಳು. ಮಳೆ ತಗಡಿನ ಮೇಲೆ ಬೀಳುತ್ತಿತ್ತು. ಹೀರಪ್ಪ ಎಲ್ಲ ಹೇಳಿದ. ಕಡೆಗೆ, "ಅಪ್ಪ ಇದ್ದಿದ್ರ ಬಾಯಿ ಮುಚ್ಚಿಕೊಂಡಿರು ಅಂತಿದ್ದ," ಎಂದ.

ಪಾರ್ವತೆವ್ವ ಕೈ ನಿಲ್ಲಿಸಲಿಲ್ಲ. "ಮಾವನವರು ಹೇಳಿದ್ದು ಗಣಪತಿ ಮೂರ್ತಿಗೆ. ಗಣಪತಿ ಹನ್ನೊಂದು ದಿನಕ್ಕ ನೀರಿಗೆ ಹೋಗ್ತಾನ, ಅವನ ಭಿನ್ನನೂ ಅವನ ಜೋಡಿ ಕರಗಿ ಹೋಗ್ತೈತಿ. ಈ ಹುಡುಗ ಆ ಗದ್ದ ಹೊತ್ತಗೊಂಡು ಯಾವ ಹೊಳಿಗೆ ಹೋಗಬೇಕು?"

ಆ ಸಂಜೆ ಹೀರಪ್ಪ ಮಣ್ಣು ಮುಟ್ಟಲಿಲ್ಲ.

ಬುಧವಾರ ಬೆಳಗ್ಗೆ ಡಾಕ್ಟರು ಬರುವ ಮೊದಲೇ ಅವರ ಬಾಗಿಲಲ್ಲಿ ನಿಂತಿದ್ದ. ಒಳಗೆ ಕರೆದಾಗ ಕಿಸೆಯ ದಾರವನ್ನು ಮೇಜಿನ ಮೇಲಿಟ್ಟು, ಏನು ಮಾಡಿದ್ದೆ, ಯಾಕೆ ಮಾಡಿದ್ದೆ, ಎರಡನ್ನೂ ಹೇಳಿದ. ಡಾಕ್ಟರ್ ಅಶ್ವಿನಿ ಬೈಯುವ ಹೆಂಗಸಲ್ಲ. ಅವರ ಮುಖ ಕೆಂಪಾಯಿತು, ದನಿ ಮಾತ್ರ ಏರಲಿಲ್ಲ.

"ಯಾರು ಹೇಳಿದ್ರು ನಿಮಗ ಅದನ್ನ ನೆಟ್ಟಗ ಮಾಡ್ರಿ ಅಂತ?"

"ಯಾರೂ ಹೇಳಿಲ್ರಿ. ಅಚ್ಚು ನೆಟ್ಟಗ ಇದ್ರ ಮೂರ್ತಿ ನೆಟ್ಟಗ ಬರತೈತಿ ಅಂತ ತಿಳಕೊಂಡಿದ್ದೆ."

ಡಾಕ್ಟರು ಆ ದಾರವನ್ನು ಅವನ ಕಡೆಗೆ ಸರಿಸಿದರು. "ಆ ಹುಡುಗನ್ನ ಕರಸ್ತೇನಿ. ನನ್ನ ಮುಂದ ಇನ್ನೊಂದು ಅಚ್ಚು ತೆಗೀರಿ. ಒಡದ್ರ ಒಡೀಲಿ, ಒಡದದ್ದನ್ನ ಹಂಗ ಕೊಡ್ರಿ." ಆಮೇಲೆ ತಲೆ ಎತ್ತದೆ ಕೇಳಿದರು. "ಮೊದಲ ಹಿಂಗ ಮಾಡಿದ್ರೇನು?"

ಇಲ್ಲ ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಅಚ್ಚುಗಳನ್ನು ಎರಡು ವರ್ಷವಾದ ಮೇಲೆ ಒಡೆದು ಹಿತ್ತಲ ತಗ್ಗಿಗೆ ಹಾಕುತ್ತಿದ್ದರು. ಹುಲಿಗೆಮ್ಮನ ಬಿಳಿ ಮುಖ ಎಂದೋ ಮಣ್ಣಾಗಿತ್ತು. ತಿಳಿಯುವವರು ಯಾರೂ ಇರಲಿಲ್ಲ.

"ಒಬ್ಬಾಕಿಗೆ ಮಾಡೇನ್ರಿ," ಎಂದ ಹೀರಪ್ಪ. "ಹುಲಿಗೆಮ್ಮಗ."

ಡಾಕ್ಟರು ಎದ್ದು ಹೋಗಿ ಹಳೆಯ ಕಡತ ತರಿಸಿದರು. ಅದರಲ್ಲೂ ಎರಡು ಲೆಕ್ಕವಿತ್ತು: ಎಕ್ಸ್‌ರೇದಲ್ಲಿ ಐದು, ಅಚ್ಚಿನಲ್ಲಿ ಒಂದೂವರೆ. ಆಗಲೂ ಅವರು ಅಚ್ಚನ್ನೇ ನಂಬಿದ್ದರು. ಕಡತದ ಹಿಂದಿನ ಲಕೋಟೆಯಲ್ಲಿ ಎರಡು ಎಕ್ಸ್‌ರೇ ಇದ್ದವು. ಒಂದು ಶಸ್ತ್ರಚಿಕಿತ್ಸೆಯ ಎರಡನೆಯ ದಿನದ್ದು, ಇನ್ನೊಂದು ರೊಟ್ಟಿ ತಿಂದ ನಂತರದ್ದು. ಎರಡನ್ನೂ ದೀಪದ ಪೆಟ್ಟಿಗೆಯ ಮೇಲೆ ಪಕ್ಕ ಪಕ್ಕ ಇಟ್ಟರು. ಎರಡರಲ್ಲೂ ಗದ್ದ ಒಂದೇ ಜಾಗದಲ್ಲಿತ್ತು. ಕೂದಲೆಳೆಯಷ್ಟೂ ಸರಿದಿರಲಿಲ್ಲ. ಬಾವು ಇದ್ದಾಗ ಅದು ಕಂಡಿರಲಿಲ್ಲ, ಅಷ್ಟೇ. ನಾಲ್ಕೂವರೆ ವರ್ಷ ಅವು ಒಂದೇ ಲಕೋಟೆಯಲ್ಲಿ ಮೈಗೆ ಮೈ ತಾಗಿಸಿಕೊಂಡು ಇದ್ದವು, ಯಾರೂ ಹೋಲಿಸಿ ನೋಡಿರಲಿಲ್ಲ. ರೊಟ್ಟಿಯ ಕತೆ ಕೈಗೆ ಸಿಕ್ಕಿದ ಮೇಲೆ ನೋಡುವ ಅಗತ್ಯ ಯಾರಿಗಿರುತ್ತದೆ? ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವವರು ಹಳ್ಳಿಯಲ್ಲಷ್ಟೇ ಇರುವುದಿಲ್ಲ.

"ಇದರಾಗ ನಂದೂ ತಪ್ಪೈತಿ," ಎಂದರು ಡಾಕ್ಟರು, ಎಕ್ಸ್‌ರೇಗಳ ಕಡೆಗೆ ಮುಖ ಮಾಡಿಕೊಂಡೇ. "ಎರಡು ಲೆಕ್ಕ ಬ್ಯಾರೆ ಬ್ಯಾರೆ ಬಂದಾಗ ಯಾಕ ಅಂತ ಕೇಳಬೇಕಾಗಿತ್ತು, ಕೇಳಲಿಲ್ಲ."

ಗುರುವಾರದ ಶಸ್ತ್ರಚಿಕಿತ್ಸೆ ಶನಿವಾರಕ್ಕೆ ಹೋಯಿತು. ಹೊಸ ಅಚ್ಚಿನಲ್ಲಿ ಗದ್ದ ಐದು ಮಿಲಿಮೀಟರೇ ಸೊಟ್ಟಗಿತ್ತು. ಅದನ್ನು ತೆಗೆಯುವಾಗ ಹೀರಪ್ಪ ಮೊದಲ ಸಲ ಹತ್ತು ನಿಮಿಷ ಒಂದು ಮಾತೂ ಆಡಲಿಲ್ಲ. ಗುರುಲಿಂಗ ಗಾಬರಿಯಾಗಿ ಕೈ ಬೀಸಿದ ಮೇಲೆ ಇಲ್ಲೇ ಇದ್ದೇನೆ ಎಂದು ಅವನ ಕೈ ಹಿಡಿದುಕೊಂಡ. ಎಲುಬನ್ನು ಅಡ್ಡ ಕೊಯ್ದು, ಮುಂದಕ್ಕೆ ಏಳು, ಎಡಕ್ಕೆ ಐದು ಸರಿಸಿ, ಪಟ್ಟಿ ಇಟ್ಟರು. ಗುರುಲಿಂಗನ ಕತೆ ಇಲ್ಲಿಗೆ ಮುಗಿಯಿತು. ಅವನ ಹೆಲ್ಮೆಟ್ ಪಟ್ಟಿ ನಿಂತಿತು, ಮೀಸೆ ಬಿಟ್ಟ, ಗಡ್ಡ ಬಿಡಲಿಲ್ಲ.

ಹೀರಪ್ಪನ ಕೆಲಸ ಹೋಗಲಿಲ್ಲ. ಅವನಿಗೆ ಶಿಕ್ಷೆಯೇ ಆಗಲಿಲ್ಲ, ಅದು ಅವನಿಗೆ ಬಹಳ ಕಷ್ಟವಾಯಿತು. ಡಾಕ್ಟರು ಹುಲಿಗೆಮ್ಮನಿಗೆ ಒಂದು ಪತ್ರ ಬರೆದರು. ತಪಾಸಣೆಗೆ ಬರಬೇಕು, ಒಪ್ಪಿಗೆಯಿದ್ದರೆ ಆಸ್ಪತ್ರೆಯ ಖರ್ಚಿನಲ್ಲಿ ಗದ್ದವನ್ನು ಮತ್ತೆ ಸರಿಪಡಿಸಬಹುದು, ತಪ್ಪು ಆಕೆಯದಲ್ಲ ಎಂದು ಇಂಗ್ಲಿಷಿನಲ್ಲಿ ಬರೆದಿತ್ತು. ಅಂಚೆಗೆ ಹಾಕಲು ರಾಜಮಹ್ಮದನ ಕೈಗೆ ಕೊಡುವಾಗ ಹೀರಪ್ಪ ಮುಂದೆ ಬಂದ.

"ನಾ ಒಯ್ಯತೇನ್ರಿ ಮೇಡಂ. ಅಲ್ಲಿ ಓದಾವರು ಯಾರದಾರ?"

ಆ ಭಾನುವಾರ ವಾಸ್ಕೋ ಬಸ್ಸು ಹತ್ತಿದ. ಬಂದರಿನ ಹಿಂದಿನ ದಿನ್ನೆಯಲ್ಲಿ ಹುಲಿಗೆಮ್ಮನ ಮನೆ ಯಾವುದು ಎಂದು ಕೇಳಿದರೆ ಚಿಕ್ಕ ಮಕ್ಕಳೂ ತೋರಿಸಿದರು. ಆಕೆ ಈಗ ಬಂದರಿನ ಕನ್ನಡ ಜನಕ್ಕೆ ದಿನಕ್ಕೆ ನೂರೈವತ್ತು ಜೋಳದ ರೊಟ್ಟಿ ಬಡಿದು ಕೊಡುತ್ತಿದ್ದಳು. ದೂರದಿಂದಲೇ ಬಡಿಯುವ ಸದ್ದು ಕೇಳಿಸಿತು. ಒಲೆಯ ಮುಂದೆ ಕೂತಿದ್ದಳು, ಸೆರಗನ್ನು ಕಿವಿಯಿಂದ ಕಿವಿಗೆ ತಂದು ಗದ್ದ ಮುಚ್ಚುವಂತೆ ಸಿಕ್ಕಿಸಿಕೊಂಡಿದ್ದಳು. ಬೆಂಕಿಯ ಮುಂದೆ ಹಾಗೆ ಮುಖಕ್ಕೆ ಬಟ್ಟೆ ಬಿಗಿದುಕೊಂಡವಳನ್ನು ನೋಡಿ ಹೀರಪ್ಪನಿಗೆ ಬಂದ ದಾರಿಯಲ್ಲೇ ಹಿಂದಕ್ಕೆ ಹೋಗಬೇಕು ಅನ್ನಿಸಿತು.

"ಯಾರು, ಪ್ಲಾಸ್ಟರ್ ಹೀರಪ್ಪಣ್ಣ?" ಎಂದಳು ಹುಲಿಗೆಮ್ಮ. "ಬರ್ರಿ, ಕುಂದರ್ರಿ. ಇತ್ತಾಗ ಹ್ಯಾಂಗ ಬಂದ್ರಿ?"

ಹೀರಪ್ಪ ಕುಳಿತುಕೊಳ್ಳಲಿಲ್ಲ. ಬಾಗಿಲ ಚೌಕಟ್ಟು ಹಿಡಿದು ನಿಂತೇ ಹೇಳಿದ. ಅಚ್ಚು ಒಡೆದದ್ದು, ದಾರ ಹಿಡಿದದ್ದು, ಸೊಟ್ಟು ಮುಚ್ಚಿದ್ದು, ಡಾಕ್ಟರು ಅದನ್ನು ನಂಬಿದ್ದು. ಬಸ್ಸಿನಲ್ಲಿ ಕೂಡಿಸಿಕೊಂಡು ಬಂದ ಮಾತುಗಳೆಲ್ಲ ಎರಡೇ ನಿಮಿಷದಲ್ಲಿ ಮುಗಿದುಹೋದವು. ಹುಲಿಗೆಮ್ಮ ರೊಟ್ಟಿ ಬಡಿಯುತ್ತಲೇ ಇದ್ದಳು. ಒಂದನ್ನು ಹಂಚಿಗೆ ಹಾಕಿ, ಮೇಲೆ ನೀರು ಸವರಿ, ಇನ್ನೊಂದು ಮುದ್ದೆ ಕೈಗೆ ತೆಗೆದುಕೊಂಡಳು.

"ಹಂಗಾರ ರೊಟ್ಟಿ?" ಎಂದಳು.

"ರೊಟ್ಟಿದೇನೂ ಇಲ್ಲ ತಂಗಿ. ಆಪರೇಶನ್ ಆದ ಎರಡನೇ ದಿನ ತೆಗೆದ ಫೋಟೊದಾಗ ಎಲ್ಲಿತ್ತೋ, ರೊಟ್ಟಿ ತಿಂದ ಮ್ಯಾಲಿನ ಫೋಟೊದಾಗೂ ಅಲ್ಲೇ ಐತಿ. ನಾ ಕಣ್ಣಲೇ ನೋಡೇನಿ."

ಹುಲಿಗೆಮ್ಮನ ಕೈ ನಿಂತಿತು. ಹಂಚಿನ ಮೇಲಿನ ರೊಟ್ಟಿ ಕರಿಯಾಗತೊಡಗಿತು, ಆಕೆ ಅದನ್ನು ತಿರುವಲಿಲ್ಲ.

"ನಾಕೂವರಿ ವರ್ಷ ಆತು," ಎಂದಳು ಕಡೆಗೆ. "ನಮ್ಮ ಮನಿಯವರು ಒಂದು ತುಣುಕು ರೊಟ್ಟಿಗೆ ಗದ್ದ ಮಾರಿಕೊಂಡಾಕಿ ಅಂತಾರ. ಅತ್ತಿ ಊರಿಂದ ಬಂದ್ರ, ನಾಲಿಗಿ ಹಿಡೀದಾಕಿ ಏನ ಹಿಡದಾಳು ಅಂತಾಳ. ನಾನೂ ಹೌದು ಅಂತನ ಇದ್ದೆ. ದಿನಾ ನೂರೈವತ್ತು ರೊಟ್ಟಿ ಬಡೀತೇನಿ ಅಣ್ಣಾ, ಆವತ್ತಿನಿಂದ ಒಂದನ್ನೂ ಹಲ್ಲಿಗೆ ಹಚ್ಚಿಲ್ಲ. ಹಾಲಿನಾಗ ನೆನಸಿ ನುಂಗತೇನಿ." ಆಮೇಲೆ ಅವನ ಕಡೆ ನೇರವಾಗಿ ನೋಡಿದಳು. "ನೀವೂ ಅಂದಿದ್ರಿ. ನಾ ತೋರಸಾಕ ಬಂದಾಗ ಬಾಗಲದಾಗ ನಿಂತು, ಒಂದು ದಿನ ತಡಕೊಳ್ಳಾಕ ಆಗಲಿಲ್ಲೇನವ್ವ ಅಂದಿದ್ರಿ."

"ಅಂದಿದ್ದೆ," ಎಂದ ಹೀರಪ್ಪ. ಅವನಿಗೆ ನಾಚಿಕೆಯಾಗಿತ್ತು. ತನ್ನ ಕೋಣೆಯಲ್ಲಿ ಎಷ್ಟು ಜನರಿಗೆ ಅಭಿನಯಿಸಿ ಹೇಳಿದ್ದೆ ಎಂಬುದನ್ನು ಹೇಳಲು ಮಾತ್ರ ಅವನಿಂದ ಆಗಲಿಲ್ಲ.

ಪತ್ರವನ್ನು ಚಾಚಿದ. ಗದ್ದ ಮತ್ತೆ ಸರಿ ಮಾಡಿಕೊಡುತ್ತಾರೆ, ಖರ್ಚು ಆಸ್ಪತ್ರೆಯದು ಎಂದ. ಹುಲಿಗೆಮ್ಮ ಹಿಟ್ಟಿನ ಕೈಯಲ್ಲೇ ಅದನ್ನು ತೆಗೆದುಕೊಂಡು, ಬಿಚ್ಚದೆ, ಹಿಟ್ಟಿನ ಡಬ್ಬಿಯ ಕೆಳಗೆ ಸಿಕ್ಕಿಸಿದಳು. "ಅದನ್ನ ಆಮ್ಯಾಲೆ ನೋಡೂಣು," ಎಂದಳು. ನಂತರ ಕಿವಿಯ ಹತ್ತಿರ ಸಿಕ್ಕಿಸಿದ್ದ ಸೆರಗು ಬಿಚ್ಚಿ ಹೆಗಲಿಗೆ ಹಾಕಿಕೊಂಡಳು. ಗದ್ದ ಎಡಕ್ಕೆ ವಾಲಿತ್ತು. ಬುಟ್ಟಿಯ ಬಟ್ಟೆ ಸರಿಸಿ, ನಿನ್ನೆಯ ಖಡಕ್ ರೊಟ್ಟಿಯೊಂದನ್ನು ತೆಗೆದು ಎರಡು ಮಾಡಿ, ಒಂದು ತುಂಡನ್ನು ಬಾಯಿಗಿಟ್ಟು ಕಡಿದಳು. ಮೊದಲು ಮುಂಬಲ್ಲಿನಿಂದ ಹೆದರಿ ಹೆದರಿ, ಆಮೇಲೆ ದವಡೆಗೆ ತಂದು ಗಟ್ಟಿಯಾಗಿ. ಆ ಸದ್ದು ಬಾಗಿಲಲ್ಲಿ ನಿಂತವನಿಗೆ ಕೇಳಿಸಿತು. ಕಣ್ಣಲ್ಲಿ ನೀರು ಬರುತ್ತಿತ್ತು, ಅದನ್ನು ಒರೆಸಿಕೊಳ್ಳದೆ ಪೂರ್ತಿ ಜಗಿದು ನುಂಗಿದಳು.

"ಕುಂದರ್ರಿ ಹೀರಪ್ಪಣ್ಣ," ಎಂದಳು. "ಇವರು ಐದಕ್ಕ ಬರ್ತಾರ. ನನಗ ಹೇಳಿದಂಗ ಅವರ ಮುಂದನೂ ಹೇಳ್ರಿ. ಅತ್ತಿ ಊರಾಗ ಅದಾಳ, ಫೋನ್ ಹಚ್ಚಿ ಕೊಡ್ತೇನಿ, ಆಕಿಗೂ ಹೇಳ್ರಿ. ಓಣ್ಯಾಗ ಇನ್ನೂ ನಾಕು ಮಂದಿ ಅದಾರ."

"ಹೇಳತೇನಿ," ಎಂದ ಹೀರಪ್ಪ.

ಅವನು ಹಿಡಿಯಬೇಕಿದ್ದ ಫೋಂಡಾದ ಬಸ್ಸು ನಾಲ್ಕಕ್ಕಿತ್ತು. ಅವನು ಚಪ್ಪಲಿ ಬಿಟ್ಟು ಒಳಗೆ ಬಂದು ಗೋಡೆಗೆ ಒರಗಿ ಕುಳಿತ. ಹುಲಿಗೆಮ್ಮ ಹಂಚಿನ ಮೇಲೆ ಸುಟ್ಟುಹೋದದ್ದನ್ನು ತೆಗೆದು ಬದಿಗಿಟ್ಟು, ರೊಟ್ಟಿಯ ಉಳಿದ ಅರ್ಧವನ್ನು ತಾಟಿನಲ್ಲಿ ಹಾಕಿ, ಚಟ್ನಿಪುಡಿಗೆ ಎಣ್ಣೆ ಬಿಟ್ಟು ಅವನ ಮುಂದೆ ಸರಿಸಿದಳು.